ಒಬ್ಬನ ಹಾಡು, ಐವರ ಕೈ

ಶ್ರಾವಣ ಮಾಸದ ಸೋಮವಾರ ರಾತ್ರಿ ಅರಕೇರಾದಂಥ ಊರಿನಲ್ಲಿ ಗುಡಿಯ ಕಟ್ಟೆಯ ಮೇಲೆ ಭಜನೆಗೆ ಕುಳಿತವರನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಒಬ್ಬರ ಮುಂದೆ ಪೇಟಿ, ಇನ್ನೊಬ್ಬರ ಮುಂದೆ ತಬಲಾ-ಡಗ್ಗಾ, ಮತ್ತೊಬ್ಬರ ಕೈಯಲ್ಲಿ ದಮ್ಮಡಿ, ಉಳಿದವರ ಕೈಯಲ್ಲಿ ತಾಳ. ಎಲ್ಲರೂ ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ದುಂಡಗೆ, ಮೊಣಕಾಲಿಗೆ ಮೊಣಕಾಲು ತಗಲುವಷ್ಟು ಹತ್ತಿರ ಕುಳಿತಿರುತ್ತಾರೆ. ಹೀಗೇಕೆ ಎಂದು ಕೇಳಿದರೆ ‘ಹಿಂದಿನಿಂದ ಬಂದದ್ದು’ ಎಂಬ ಉತ್ತರ ಸಿಕ್ಕೀತು. ಆದರೆ ಆ ದುಂಡಿನೊಳಗೆ ಭೌತಶಾಸ್ತ್ರದ ಒಂದು ಪಾಠ ಅಡಗಿದೆ. ಅದನ್ನು ಬಿಡಿಸುವ ಮುನ್ನ ಅದೇ ಊರಿನ ಒಂದು ಮನೆಯೊಳಕ್ಕೆ ಇಣುಕಿ ನೋಡುವುದು ಒಳ್ಳೆಯದು.

ಆ ಮನೆಯಲ್ಲಿ ಪಿಯುಸಿ ಓದುವ ಹುಡುಗನೊಬ್ಬನಿದ್ದಾನೆ ಎಂದಿಟ್ಟುಕೊಳ್ಳಿ. ಅವನ ಬಳಿ ಒಂದು ಹಳೆಯ ಗಿಟಾರು, ಒಂದು ಮೊಬೈಲು, ಕಿವಿಗೆ ಹಾಕಿಕೊಳ್ಳುವ ಇಯರ್‌ಫೋನು ಇವೆ. ಮೊದಲು ಗಿಟಾರು ನುಡಿಸಿ ಮೊಬೈಲಿಗೆ ತುಂಬಿದ್ದಾನೆ. ಅದನ್ನು ಕೇಳುತ್ತ ಅದರ ಮೇಲೆ ತಾಳ ಕೂಡಿಸಿದ್ದಾನೆ, ಆಮೇಲೆ ಇನ್ನೊಂದು ಗಿಟಾರು, ಕೊನೆಗೆ ತನ್ನದೇ ಕಂಠ. ತಿಂಗಳುಗಟ್ಟಲೆ ರಾತ್ರಿ ಕುಳಿತು ಹನ್ನೆರಡು ನಿಮಿಷದ ಒಂದು ರಚನೆಯನ್ನು ಮುಗಿಸಿದ್ದಾನೆ. ತಾಯಿಯ ಚಿಂತೆ ಬೇರೆ: “ರಾತ್ರಿಯೆಲ್ಲಾ ಒಬ್ಬನ ಕುಂತು ಏನ್ ಮಾಡ್ತಿಯಪ್ಪಾ? ಪರೀಕ್ಷಾ ಹತ್ರ ಬಂತು.” ಅಷ್ಟರಲ್ಲಿ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಅದನ್ನು ವೇದಿಕೆಯ ಮೇಲೆ ನುಡಿಸಬೇಕೆಂದು ಗೆಳೆಯರು ದುಂಬಾಲು ಬೀಳುತ್ತಾರೆ. ಹುಡುಗ ಕಕ್ಕಾಬಿಕ್ಕಿಯಾಗುತ್ತಾನೆ. ಮೊಬೈಲಿನೊಳಗೆ ಅವನಿಗೆ ಎಂಟು ಕೈಗಳಿದ್ದವು. ವೇದಿಕೆಯ ಮೇಲೆ ಇರುವುದು ಎರಡೇ.

ಈಗ ಅವನ ಮುಂದೆ ಇರುವ ಪ್ರಶ್ನೆ ಚಿಕ್ಕದಲ್ಲ. ತನ್ನ ಹಾಡನ್ನು ತನ್ನಲ್ಲೇ ಇಟ್ಟುಕೊಳ್ಳಬೇಕೇ, ಅಥವಾ ಇತರರ ಕೈಗೆ ಕೊಡಬೇಕೇ? ಕೊಟ್ಟರೆ ಅದು ತನ್ನದಾಗಿ ಉಳಿದೀತೇ? ಈ ಪ್ರಶ್ನೆಯನ್ನು ಇವನಿಗಿಂತ ಮೊದಲು ಎದುರಿಸಿದವರು ಹಲವರು. ಕೆಲವರು ಇಂಗ್ಲೆಂಡಿನವರು, ಕೆಲವರು ಮೈಸೂರು-ಬೆಂಗಳೂರಿನವರು. ಅದಕ್ಕೂ ಹಿಂದಿನವರು ಇದೇ ದೇವದುರ್ಗ, ಮಾನ್ವಿ ತಾಲ್ಲೂಕುಗಳವರು.

ತಂಬೂರಿ, ಗೆಜ್ಜೆ, ಕಂಠ

ಹರಿದಾಸರ ಚಿತ್ರವನ್ನು ಎಲ್ಲರೂ ನೋಡಿದ್ದಾರೆ. ಹೆಗಲ ಮೇಲೆ ತಂಬೂರಿ, ಕೈಯಲ್ಲಿ ಚಿಟಿಕೆ, ಕಾಲಲ್ಲಿ ಗೆಜ್ಜೆ. ವಿಜ್ಞಾನದ ಕಣ್ಣಿನಿಂದ ನೋಡಿದರೆ ಅದು ಒಬ್ಬನೇ ನಡೆಸುವ ಪೂರ್ಣ ವಾದ್ಯಮೇಳ. ತಂಬೂರಿ ಶ್ರುತಿಯನ್ನು ಹಿಡಿಯುತ್ತದೆ, ಚಿಟಿಕೆ ತಾಳವನ್ನು ಹಿಡಿಯುತ್ತದೆ, ಗೆಜ್ಜೆ ಹೆಜ್ಜೆಯ ಲಯವನ್ನು ಕಾಯುತ್ತದೆ, ಕಂಠ ಹಾಡುತ್ತದೆ. ನಾಲ್ಕು ಕೆಲಸಗಳಿಗೆ ಒಂದೇ ದೇಹ, ಒಂದೇ ಮನಸ್ಸು. ಹೀಗಿರುವಾಗ ಶ್ರುತಿಗೂ ಲಯಕ್ಕೂ ಜಗಳವೇ ಹುಟ್ಟುವುದಿಲ್ಲ.

ಮಾನ್ವಿ ತಾಲ್ಲೂಕಿನ ಚೀಕಲಪರವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು, ಈ ಮೂವರೂ 18ನೇ ಶತಮಾನದಲ್ಲಿ ಇದೇ ಸೀಮೆಯಲ್ಲಿ ಬಾಳಿದವರು. ವಿಜಯದಾಸರ ಶಿಷ್ಯರು ಗೋಪಾಲದಾಸರು. ಗೋಪಾಲದಾಸರ ತಮ್ಮಂದಿರೂ ದಾಸರಾದರು. ಗೋಪಾಲದಾಸರ ಪ್ರಭಾವದಿಂದ ಜಗನ್ನಾಥದಾಸರು ಅದೇ ಪಂಥಕ್ಕೆ ಬಂದರು. ಒಬ್ಬರ ತಂಬೂರಿಯಿಂದ ಹೊರಟ ಪದಗಳು ಒಂದು ಕೂಟವಾಗಿ ಬೆಳೆದು, ಇಂದು ಊರೂರಿನ ಭಜನಾ ಮಂಡಳಿಯ ನಾಲಿಗೆಯ ಮೇಲಿವೆ. ಒಂದೊಂದು ಊರಿನಲ್ಲಿ ಒಂದೊಂದು ಧಾಟಿ. ಪದಗಳನ್ನು ಕಟ್ಟಿದವರು ಇಂದು ಬಂದು ಕೇಳಿದರೆ ಕೆಲವು ಧಾಟಿಗಳು ಅವರಿಗೇ ಹೊಸದೆನಿಸಬಹುದು. ಆದರೆ ಹಾಡು ಮೂರು ಶತಮಾನ ಬದುಕಿದ್ದು ಇತರರು ಅದನ್ನು ಎತ್ತಿಕೊಂಡದ್ದರಿಂದಲೇ ಎಂಬುದನ್ನು ಮರೆಯುವಂತಿಲ್ಲ.

ಅಳಿಸುವ ಹೆಡ್ಡಿಗೆ ಅಡ್ಡ ಇಟ್ಟ ರಟ್ಟು

ಇನ್ನು ಇಂಗ್ಲೆಂಡಿನ ಕಥೆ. 1960ರ ದಶಕದ ಕೊನೆಯಲ್ಲಿ ಅಲ್ಲಿ ‘ಪ್ರೋಗ್ರೆಸಿವ್ ರಾಕ್’ ಎಂಬ ಸಂಗೀತ ಪ್ರಕಾರ ಹುಟ್ಟಿತು. ಮೂರು ನಿಮಿಷದ ಕುಣಿತದ ಹಾಡುಗಳಿಂದ ಬೇಸತ್ತ ಯುವಕರು ಇಪ್ಪತ್ತು ನಿಮಿಷದವರೆಗೆ ಬೆಳೆಯುವ ರಚನೆಗಳನ್ನು ಕಟ್ಟಿದರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ, ಜಾಝ್, ಜಾನಪದ ಎಲ್ಲದರಿಂದಲೂ ಎರವಲು ಪಡೆದರು. ಕಿಂಗ್ ಕ್ರಿಮ್ಸನ್, ಯೆಸ್, ಜೆನೆಸಿಸ್, ಪಿಂಕ್ ಫ್ಲಾಯ್ಡ್ ಈ ಕಾಲದ ಪ್ರಸಿದ್ಧ ತಂಡಗಳು. ನಾಲ್ಕು ಎಣಿಕೆಯ ನಡೆಯನ್ನು ಬಿಟ್ಟು ಐದು, ಏಳು ಎಣಿಕೆಯ ನಡೆಗಳನ್ನು ಬಳಸಿದ್ದು ಇವರ ಇನ್ನೊಂದು ಲಕ್ಷಣ. ಪಿಂಕ್ ಫ್ಲಾಯ್ಡ್ ತಂಡದ 1973ರ ‘ಮನಿ’ ಎಂಬ ಹಾಡಿನ ಹೆಚ್ಚಿನ ಭಾಗ ಏಳು ಎಣಿಕೆಯದು. ಪಶ್ಚಿಮದ ಕೇಳುಗರಿಗೆ ಅದು ವಿಚಿತ್ರವೆನಿಸಿತು. ಮಿಶ್ರಛಾಪು ತಾಳದಲ್ಲಿ ದೇವರನಾಮ ಕೇಳಿ ಬೆಳೆದ ಕನ್ನಡಿಗರಿಗೆ ಏಳೆಣಿಕೆ ಎಂದರೆ ಮನೆಯ ಮಗನಿದ್ದಂತೆ.

ಇದೇ ಕಾಲದಲ್ಲಿ ಮೈಕ್ ಓಲ್ಡ್‌ಫೀಲ್ಡ್ ಎಂಬ ಹುಡುಗನೊಬ್ಬನಿದ್ದ. 1953ರಲ್ಲಿ ಹುಟ್ಟಿದ ಈತ ಹದಿಹರೆಯದಲ್ಲೇ ಕೆವಿನ್ ಏಯರ್ಸ್ ಎಂಬ ಗಾಯಕನ ತಂಡದಲ್ಲಿ ಬೇಸ್ ಗಿಟಾರು ನುಡಿಸುತ್ತಿದ್ದ. ಮನಸ್ಸಿನಲ್ಲಿ ಒಂದು ದೀರ್ಘ ರಚನೆ ಮೂಡಿತ್ತು. ಆದರೆ ಅದನ್ನು ನುಡಿಸಿ ತೋರಿಸಲು ಹತ್ತಾರು ವಾದ್ಯಗಳು ಬೇಕು, ಜನ ಇಲ್ಲ. ಏಯರ್ಸ್ ಅವರಿಂದ ಒಂದು ಟೇಪ್ ರೆಕಾರ್ಡರನ್ನು ಎರವಲು ತಂದು ಒಂದು ಉಪಾಯ ಹೂಡಿದ.

ಈ ಉಪಾಯ ವಿದ್ಯಾರ್ಥಿಗಳಿಗೆ ತಿಳಿದಿರಬೇಕಾದದ್ದು. ಟೇಪ್ ಎಂದರೆ ಕಬ್ಬಿಣದ ಆಕ್ಸೈಡಿನ ಸಣ್ಣ ಕಣಗಳನ್ನು ಲೇಪಿಸಿದ ಪ್ಲಾಸ್ಟಿಕ್ ಪಟ್ಟಿ. ಧ್ವನಿ ಮುದ್ರಿಸುವಾಗ ಅದು ಮೊದಲು ‘ಅಳಿಸುವ ಹೆಡ್ಡಿ’ನ ಮುಂದೆ ಹಾಯುತ್ತದೆ, ಅಲ್ಲಿಯ ಅಧಿಕ ಆವೃತ್ತಿಯ ಕಾಂತಕ್ಷೇತ್ರ ಹಳೆಯ ಗುರುತುಗಳನ್ನೆಲ್ಲ ಒರೆಸಿಹಾಕುತ್ತದೆ. ಆಮೇಲೆ ಪಟ್ಟಿ ‘ಬರೆಯುವ ಹೆಡ್ಡಿ’ನ ಮುಂದೆ ಬಂದಾಗ ಹೊಸ ಧ್ವನಿ ಅಚ್ಚಾಗುತ್ತದೆ. ಪಾಟಿ ಒರೆಸಿ ಬರೆದ ಹಾಗೆ. ಓಲ್ಡ್‌ಫೀಲ್ಡ್ ಅಳಿಸುವ ಹೆಡ್ಡಿಗೆ ರಟ್ಟಿನ ಚೂರಿನಿಂದ ಮರೆ ಮಾಡಿದ. ಈಗ ಹಳೆಯದು ಅಳಿಯದೆ, ಅದರ ಮೇಲೆಯೇ ಹೊಸದು ಕೂಡತೊಡಗಿತು. ಒಬ್ಬನೇ ಹುಡುಗ ಒಂದು ಮೇಳವಾದ. ತೊಂದರೆಯೂ ಇಲ್ಲದಿರಲಿಲ್ಲ. ಪ್ರತಿ ಸಲ ಕೂಡಿಸಿದಾಗ ಹಳೆಯ ಪದರ ಕೊಂಚ ಮಸುಕಾಗುತ್ತಿತ್ತು. ಟೇಪಿನ ‘ಸ್‌ಸ್’ ಎಂಬ ಸದ್ದು ಏರುತ್ತಿತ್ತು. ಒಂದು ಪದರ ಕೆಟ್ಟರೆ ಎಲ್ಲವೂ ಕೆಟ್ಟಂತೆ.

ಹಲವು ಕಂಪನಿಗಳು ಆ ಟೇಪನ್ನು ಕೇಳಿ ಬೇಡವೆಂದವು. ಕೊನೆಗೆ ಆಗ ತಾನೇ ಕಣ್ಣು ಬಿಡುತ್ತಿದ್ದ ವರ್ಜಿನ್ ಕಂಪನಿ ಆಕ್ಸ್‌ಫರ್ಡ್‌ಶೈರ್‌ನ ‘ದಿ ಮ್ಯಾನರ್’ ಎಂಬ ತನ್ನ ಸ್ಟುಡಿಯೋದ ಬಾಗಿಲು ತೆರೆಯಿತು. ಅಲ್ಲಿದ್ದದ್ದು 16 ಟ್ರ್ಯಾಕ್‌ಗಳ ಯಂತ್ರ. ಅಂದರೆ ಒಂದೇ ಅಗಲವಾದ ಪಟ್ಟಿಯ ಮೇಲೆ, ಹೊಲದ ಸಾಲುಗಳಂತೆ, ಹದಿನಾರು ಬೇರೆ ಬೇರೆ ಸಾಲುಗಳು. ಒಂದನ್ನು ಮುಟ್ಟದೆ ಇನ್ನೊಂದನ್ನು ತಿದ್ದಬಹುದು. ಓಲ್ಡ್‌ಫೀಲ್ಡ್ ಬಹುಪಾಲು ವಾದ್ಯಗಳನ್ನು ತಾನೇ ನುಡಿಸಿದ. 1973ರ ಮೇ 25ರಂದು ‘ಟ್ಯೂಬ್ಯುಲರ್ ಬೆಲ್ಸ್’ ಹೊರಬಂದಾಗ ಅವನಿಗೆ ಇಪ್ಪತ್ತು ವರ್ಷ ತುಂಬಿ ಹತ್ತು ದಿನಗಳಾಗಿದ್ದವು. ಅದು ವರ್ಜಿನ್ ಕಂಪನಿಯ ಮೊದಲ ಆಲ್ಬಮ್.

ನಿಜವಾದ ಪರೀಕ್ಷೆ ಬಂದದ್ದು ಇದಾದ ಒಂದು ತಿಂಗಳಿಗೆ. 1973ರ ಜೂನ್ 25ರಂದು ಲಂಡನ್ನಿನ ಕ್ವೀನ್ ಎಲಿಜಬೆತ್ ಹಾಲ್‌ನಲ್ಲಿ ಅದನ್ನು ಜನರ ಮುಂದೆ ನುಡಿಸಬೇಕಾಯಿತು. ರೋಲಿಂಗ್ ಸ್ಟೋನ್ಸ್ ತಂಡದ ಮಿಕ್ ಟೇಲರ್ ಸೇರಿದಂತೆ ಅನೇಕ ಪ್ರವೀಣರು ಕೂಡಿದರು. ಆದರೆ ಓಲ್ಡ್‌ಫೀಲ್ಡ್‌ಗೆ ಅಳುಕು. ವೇದಿಕೆಯೇರಲು ಒಲ್ಲೆನೆಂದ ಅವನಿಗೆ ತನ್ನ ಬೆಂಟ್ಲಿ ಕಾರನ್ನೇ ಕೊಡುತ್ತೇನೆಂದು ಹೇಳಿ ಒಪ್ಪಿಸಿದ್ದನ್ನು ಕಂಪನಿಯ ಒಡೆಯ ರಿಚರ್ಡ್ ಬ್ರಾನ್ಸನ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ತಲೆಯೊಳಗೆ ಪರಿಪೂರ್ಣವಾಗಿದ್ದದ್ದು ಹತ್ತು ಜನರ ಕೈಯಲ್ಲಿ ಹೇಗೆ ಕೇಳಿಸೀತೋ ಎಂಬ ಭಯ ಎಂಥ ಪ್ರತಿಭಾವಂತನನ್ನೂ ಬಿಟ್ಟಿದ್ದಲ್ಲ. ಮುಂದೆ 1979ರಲ್ಲಿ ಆತ ಪಿಟೀಲು ವಾದಕರು, ಗಾಯಕವೃಂದ ಎಲ್ಲರನ್ನೂ ಕಟ್ಟಿಕೊಂಡು ಯುರೋಪಿನಲ್ಲಿ ಸಂಚಾರ ಮಾಡಿದ. ಜನ ಮೆಚ್ಚಿದರೂ ಖರ್ಚು ಗಳಿಕೆಯನ್ನು ಮೀರಿತು. ಒಬ್ಬನ ಹಾಡನ್ನು ಬಹಳ ಜನರ ಕೈಗೆ ಕೊಡುವುದಕ್ಕೆ ಧೈರ್ಯ ಮಾತ್ರ ಸಾಲದು, ಲೆಕ್ಕವೂ ಬೇಕು.

ಇಲ್ಲದ ತಂಡದ ಹುಸಿ ಚರಿತ್ರೆ

ಎರಡನೆಯ ಉದಾಹರಣೆ ಇನ್ನೂ ಸ್ವಾರಸ್ಯಕರ. 1987ರಲ್ಲಿ ಲಂಡನ್ನಿಗೆ ಹತ್ತಿರದ ಹೆಮೆಲ್ ಹೆಂಪ್‌ಸ್ಟೆಡ್ ಎಂಬ ಊರಿನಲ್ಲಿ ಸ್ಟೀವನ್ ವಿಲ್ಸನ್ ಎಂಬ ಯುವಕ ಮನೆಯಲ್ಲೇ ಕುಳಿತು ಧ್ವನಿಮುದ್ರಣ ಮಾಡುತ್ತಿದ್ದ. ತಮಾಷೆಗೆಂದು ‘ಪೋರ್ಕುಪೈನ್ ಟ್ರೀ’ ಎಂಬ ತಂಡವಿದೆ ಎಂದು ಹೇಳಿ, ಅದಕ್ಕೊಂದು ಹುಸಿ ಚರಿತ್ರೆಯನ್ನೂ, ಇಲ್ಲದ ಸದಸ್ಯರ ಹೆಸರುಗಳನ್ನೂ ಕಟ್ಟಿದ. ನುಡಿಸುತ್ತಿದ್ದವನು ತಾನೊಬ್ಬನೇ. ಕ್ಯಾಸೆಟ್ಟುಗಳು ಕೈಯಿಂದ ಕೈಗೆ ಹೋದವು. 1992ರಲ್ಲಿ ಮೊದಲ ಆಲ್ಬಮ್ ಬಂತು. ಕೇಳುಗರು ಹೆಚ್ಚಿದಂತೆ ಎಲ್ಲೆಡೆಯಿಂದ ಒಂದೇ ಬೇಡಿಕೆ: ತಂಡವನ್ನು ವೇದಿಕೆಯ ಮೇಲೆ ನೋಡಬೇಕು. ಇಲ್ಲದ ತಂಡವನ್ನು ತೋರಿಸುವುದು ಹೇಗೆ?

1993ರ ಡಿಸೆಂಬರಿನಲ್ಲಿ ವಿಲ್ಸನ್ ಮೂವರನ್ನು ಕೂಡಿಸಿಕೊಂಡರು. ಕೀಬೋರ್ಡಿಗೆ ರಿಚರ್ಡ್ ಬಾರ್ಬಿಯೇರಿ, ಬೇಸ್‌ಗೆ ಕಾಲಿನ್ ಎಡ್ವಿನ್, ಡ್ರಮ್‌ಗೆ ಕ್ರಿಸ್ ಮೇಟ್ಲಂಡ್. ತಮಾಷೆ ನಿಜವಾಯಿತು. ಆದರೆ ಒಂದೇ ದಿನದಲ್ಲಿ ಆದದ್ದಲ್ಲ ಇದು. 1995ರ ಆಲ್ಬಮ್ಮಿನಲ್ಲಿ ಕೆಲವು ಭಾಗ ಒಬ್ಬನೇ ಮಾಡಿದ್ದು, ಕೆಲವು ಭಾಗ ತಂಡದ್ದು. 1996ರ ‘ಸಿಗ್ನಿಫೈ’ ಹೊತ್ತಿಗೆ ತಂಡವೇ ಆದಿಯಿಂದ ಅಂತ್ಯದವರೆಗೆ ಕೂಡಿ ಮಾಡಿತು. ಬೀಜದಿಂದ ಮೊಳಕೆ, ಮೊಳಕೆಯಿಂದ ಸಸಿ ಎಂಬಂತೆ ಸುಮಾರು ಒಂಬತ್ತು ವರ್ಷ. ಇಂದು ಆರಂಭಿಸಿ ನಾಳೆ ಹೆಸರಾಗಬೇಕೆಂಬ ಹುಡುಗರು ಈ ಒಂಬತ್ತು ವರ್ಷವನ್ನು ನೆನಪಿಡಬೇಕು.

ಮೈಸೂರಿನಿಂದ ಹೊರಟ ‘ಪ್ರಾಜೆಕ್ಟ್’

ಕನ್ನಡನಾಡಿನಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’. ಇದು ಪ್ರೋಗ್ರೆಸಿವ್ ರಾಕ್ ಅಲ್ಲ. ಜಾನಪದ ಮತ್ತು ರಾಕ್ ಸಂಗೀತದ ಬೆರಕೆ. ಆದರೆ ಒಬ್ಬನ ಹಾಡು ತಂಡವಾಗಿ ಬೆಳೆದ ದಾರಿ ಒಂದೇ ಬಗೆಯದು. 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಸೂಕ್ಷ್ಮಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಪದವೀಧರರು, ಅದೂ ಚಿನ್ನದ ಪದಕದೊಡನೆ. ವರ್ಷಗಟ್ಟಲೆ ಭರತನಾಟ್ಯ ಕಲಿತವರು. ನಾಟ್ಯ ಕಲಿಯುವುದನ್ನು ಸಹಪಾಠಿಯೊಬ್ಬ ಹಾಸ್ಯ ಮಾಡಿದಾಗ, ಗಿಟಾರು ಕಲಿತು ತೋರಿಸುತ್ತೇನೆಂದು ಪಂಥ ಕಟ್ಟಿ ಗಿಟಾರು ಹಿಡಿದರು ಎಂಬುದು ಅವರೇ ಹೇಳಿಕೊಂಡ ಮಾತು.

ಮೈಸೂರಿನಲ್ಲಿ ‘ಅಂತರಾಗ್ನಿ’ ಎಂಬ ತಂಡ ಕಟ್ಟಿದರು. ನಡುವೆ ಔಷಧ ಕಂಪನಿಯೊಂದರ ಕೆಲಸಕ್ಕೆಂದು ಬೆಲ್ಜಿಯಂಗೆ ಹೋದರು. ಅಲ್ಲಿಯ ರೇಡಿಯೊದಲ್ಲಿ ಅವರ ಹಾಡು ಪ್ರಸಾರವಾಯಿತು. ಸಂಗೀತವನ್ನೇ ಹಿಡಿಯುವ ನಿರ್ಧಾರ ಮಾಡಿ ನಾಡಿಗೆ ಮರಳಿದರು. ಆಮೇಲೆ ಅಂತರಾಗ್ನಿ ಒಡೆಯಿತು. ಉಳಿದದ್ದು ಒಬ್ಬ ಮನುಷ್ಯ, ಒಂದು ಗಿಟಾರು, ಒಂದಷ್ಟು ಹಾಡು. ಈ ಹಂತದಲ್ಲಿ ಅವರು ಇಟ್ಟ ಹೆಸರನ್ನು ಗಮನಿಸಬೇಕು. ‘ತಂಡ’ ಎನ್ನಲಿಲ್ಲ, ‘ಪ್ರಾಜೆಕ್ಟ್’ ಎಂದರು. ಬಾಗಿಲು ತೆರೆದ ಮನೆ ಅದು. ಬೇರೆ ಬೇರೆ ವಾದ್ಯಗಾರರು ಬರಬಹುದು, ತಮ್ಮದನ್ನು ಕೂಡಿಸಬಹುದು, ಹೋಗಬಹುದು, ಹಾಡು ಮಾತ್ರ ನಿಲ್ಲಬಾರದು. ಒಮ್ಮೆ ತಂಡ ಒಡೆದವನ ಅನುಭವದಿಂದ ಬಂದ ಎಚ್ಚರಿಕೆಯೂ ಆ ಹೆಸರಿನಲ್ಲಿ ಇದ್ದೀತು.

ಕಂಪನಿಗಳ ಬಾಗಿಲು ಬಡಿದು ವರ್ಷಗಳು ಕಳೆದ ಮೇಲೆ, ಮುಂಬಯಿಯಲ್ಲಿ ಅವರ ಹಾಡು ಕೇಳಿದ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಜೋಡಿ 2008ರಲ್ಲಿ ಮೊದಲ ಆಲ್ಬಮ್ ಹೊರತಂದಿತು. ಅದರಲ್ಲಿ ಶಿಶುನಾಳ ಶರೀಫರ ತತ್ವಪದಗಳೂ ಇದ್ದವು. 2010ರಲ್ಲಿ ಬಿಬಿಸಿಯ ‘ಲೇಟರ್’ ಎಂಬ ಸಂಗೀತ ಕಾರ್ಯಕ್ರಮದಲ್ಲಿ ತಂಡ ಹಾಡಿತು. 2011ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿ ಬಂತು. 2013ರಲ್ಲಿ ಎರಡನೆಯ ಆಲ್ಬಮ್ ‘ಜಗ್ ಚಂಗಾ’. ಲುಂಗಿ ಉಟ್ಟು, ಗೆಜ್ಜೆ ಕಟ್ಟಿ, ಕನ್ನಡದ ತತ್ವಪದವನ್ನು ಅನ್ಯದೇಶೀಯರ ಮುಂದೆ ಹಾಡಿದ ಆ ತಂಡದಲ್ಲಿ ಬೇಸ್ ಗಿಟಾರು, ಡ್ರಮ್ಮು, ಪಿಟೀಲು, ಎಲೆಕ್ಟ್ರಿಕ್ ಗಿಟಾರು ಒಂದೊಂದೂ ತನ್ನ ಮಾತನ್ನು ಆಡುತ್ತಿತ್ತು.

ಕಲಾವಿದರನ್ನು ದೇವರ ಜಗಲಿಯ ಮೇಲೆ ಕೂಡಿಸುವ ಅಗತ್ಯವಿಲ್ಲ. ಅವರ ಬದುಕು ಅವರದು. ಮಕ್ಕಳು ಕಲಿಯಬೇಕಾದದ್ದು ಕೆಲಸದ ರೀತಿಯನ್ನು.

ಬೆಂಗಳೂರಿನ ‘ಅಗಂ’ ತಂಡದ ದಾರಿ ಇನ್ನೊಂದು ಬಗೆ. 2003ರಲ್ಲಿ ಆರಂಭವಾದ ಈ ತಂಡ ಕರ್ನಾಟಕ ಶಾಸ್ತ್ರೀಯ ಸಂಗೀತವನ್ನು ಪ್ರೋಗ್ರೆಸಿವ್ ರಾಕ್‌ಗೆ ಹೊಂದಿಸಿತು. ಸದಸ್ಯರಲ್ಲಿ ಹಲವರು ವರ್ಷಗಟ್ಟಲೆ ಉದ್ಯೋಗದಲ್ಲಿದ್ದುಕೊಂಡೇ ಸಂಜೆ, ರಜಾದಿನಗಳಲ್ಲಿ ತಾಲೀಮು ಮಾಡಿದರು. ಮೊದಲ ಆಲ್ಬಮ್ ಬಂದದ್ದು 2012ರಲ್ಲಿ. ಸಂಗೀತಕ್ಕಾಗಿ ಓದು ಬಿಡಲೇಬೇಕು ಎನ್ನುವವರಿಗೆ ಇದು ಒಂದು ಉತ್ತರ.

ವೇದಿಕೆಯ ಭೌತಶಾಸ್ತ್ರ

ಈಗ ಅರಕೇರಾದ ಹುಡುಗನ ತೊಂದರೆಗೆ ಮರಳೋಣ. ಮೊಬೈಲಿನಲ್ಲಿ ಚೆನ್ನಾಗಿ ಕೂಡಿದ ಹಾಡು ನಾಲ್ವರು ಗೆಳೆಯರು ಸೇರಿದ ಕೂಡಲೇ ಏಕೆ ಚದುರುತ್ತದೆ? ಕಾರಣಗಳು ಮುಖ್ಯವಾಗಿ ನಾಲ್ಕು, ನಾಲ್ಕೂ ಪಠ್ಯಪುಸ್ತಕದವೇ.

ಮೊದಲನೆಯದು ಲಯ. ಒಬ್ಬ ನಿಮಿಷಕ್ಕೆ 120 ಎಣಿಕೆಯ ವೇಗದಲ್ಲಿ ಬಾರಿಸುತ್ತಾನೆ, ಇನ್ನೊಬ್ಬ 121. ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಡಿಮೆ. ಆದರೆ ಪ್ರತಿ ಎಣಿಕೆಗೆ ಸುಮಾರು 4 ಮಿಲಿಸೆಕೆಂಡು ಮುಂದೆ ಹೋಗುತ್ತ ಹೋಗುತ್ತ ಅರ್ಧ ನಿಮಿಷಕ್ಕೆ ಅರ್ಧ ಎಣಿಕೆಯ ಅಂತರ ಬೀಳುತ್ತದೆ. ಒಬ್ಬನ ಪೆಟ್ಟು ಬೀಳುವ ಕಡೆ ಇನ್ನೊಬ್ಬನದು ಖಾಲಿ. ಒಂದು ನಿಮಿಷಕ್ಕೆ ಪೂರ್ತಿ ಒಂದು ಎಣಿಕೆ ತಪ್ಪಿರುತ್ತದೆ. ಒಬ್ಬನೇ ಮುದ್ರಿಸುವಾಗ ಮೆಟ್ರೊನೋಮಿನ ‘ಟಿಕ್ ಟಿಕ್’ ಕಾಯುತ್ತದೆ. ತಂಡದಲ್ಲಿ ಒಬ್ಬರಿಗೊಬ್ಬರು ಕಿವಿಗೊಟ್ಟು ಕ್ಷಣಕ್ಷಣಕ್ಕೂ ಆ 4 ಮಿಲಿಸೆಕೆಂಡನ್ನು ತಿದ್ದಿಕೊಳ್ಳಬೇಕು. ತಾಲೀಮು ಎಂದರೆ ಬಹುಮಟ್ಟಿಗೆ ಇದೇ.

ಎರಡನೆಯದು ದೂರ. ಗಾಳಿಯಲ್ಲಿ ಶಬ್ದದ ವೇಗ ಉಷ್ಣತೆಯೊಡನೆ ಏರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್. ರಾಯಚೂರಿನ ಬೇಸಿಗೆಯಂತೆ 40 ಡಿಗ್ರಿ ಇದ್ದರೆ ಸುಮಾರು 355 ಮೀಟರ್. ಹಾಗೆಂದರೂ ಒಂದು ಮೀಟರ್ ದೂರಕ್ಕೆ ಸುಮಾರು 3 ಮಿಲಿಸೆಕೆಂಡು ಬೇಕು. ವೇದಿಕೆಯ ಈ ತುದಿಯಿಂದ ಆ ತುದಿಗೆ 10 ಮೀಟರ್ ಇದ್ದರೆ, ಡ್ರಮ್ಮಿನ ಪೆಟ್ಟು ಗಿಟಾರಿನವನ ಕಿವಿಗೆ ಬೀಳುವುದು 28 ಮಿಲಿಸೆಕೆಂಡು ತಡವಾಗಿ. ಅವನು ಅದಕ್ಕೆ ಹೊಂದಿಸಿ ನುಡಿಸಿದ್ದು ಡ್ರಮ್ಮಿನವನಿಗೆ ಮರಳಿ ತಲುಪುವಾಗ ಮತ್ತೆ 28. ಒಬ್ಬರು ಇನ್ನೊಬ್ಬರಿಗಾಗಿ ಕಾಯುತ್ತ ಹಾಡು ಎಳೆದುಕೊಂಡು ಹೋಗುತ್ತದೆ. ಇದಕ್ಕೆಂದೇ ದೊಡ್ಡ ವೇದಿಕೆಗಳಲ್ಲಿ ವಾದ್ಯಗಾರರ ಕಾಲ ಬಳಿ ಸ್ಪೀಕರುಗಳನ್ನೋ ಕಿವಿಯೊಳಗೆ ಇಯರ್‌ಫೋನುಗಳನ್ನೋ ಇಡುವುದು. ತಂತಿಯಲ್ಲಿ ವಿದ್ಯುತ್ ಸಂಕೇತ ಹರಿಯಲು ಹಿಡಿಯುವ ಕಾಲ ಲೆಕ್ಕಕ್ಕೇ ಬಾರದಷ್ಟು.

ಭಜನೆಯ ದುಂಡು ಈಗ ಅರ್ಥವಾಗುತ್ತದೆ. ಎದುರುಬದುರು ಕುಳಿತವರ ನಡುವೆ ಮೂರು ಮೀಟರ್ ಇದ್ದರೂ ತಡ 9 ಮಿಲಿಸೆಕೆಂಡಿನೊಳಗೆ. ಕಿವಿಗೆ ಅದು ‘ಕೂಡಿದ’ ಸದ್ದು. ಮೇಲಾಗಿ ಕಣ್ಣಿಗೆ ಕೈ ಕಾಣುತ್ತದೆ. ಬೆಳಕು ಶಬ್ದಕ್ಕಾಗಿ ಕಾಯುವುದಿಲ್ಲ. ಮೈಕು, ಮಾನಿಟರು ಇಲ್ಲದ ಕಾಲದ ಹಿರಿಯರು ಅನುಭವದಿಂದಲೇ ಈ ಲೆಕ್ಕವನ್ನು ಕೂತ ಜಾಗದಲ್ಲಿ ಬಿಡಿಸಿಟ್ಟಿದ್ದಾರೆ.

ಮೂರನೆಯದು ಶ್ರುತಿ. ಒಂದು ತಂತಿ ಸೆಕೆಂಡಿಗೆ 220 ಸಲ, ಇನ್ನೊಂದು 222 ಸಲ ಕಂಪಿಸಿದರೆ ಎರಡೂ ಕೂಡಿದ ಸದ್ದು ಸೆಕೆಂಡಿಗೆ ಎರಡು ಸಲ ಏರಿ ಇಳಿಯುತ್ತದೆ. ಇದನ್ನೇ ಪಠ್ಯಪುಸ್ತಕ ವಿಸ್ಪಂದ ಎನ್ನುವುದು. ಬಿಸಿಲಿಗೆ ಉಕ್ಕಿನ ತಂತಿ ಹಿಗ್ಗಿ ಸಡಿಲಾಗಿ ಗಿಟಾರಿನ ಸ್ವರ ಇಳಿಯುತ್ತದೆ. ಕೊಳಲಿನಲ್ಲಿ ಇದಕ್ಕೆ ತದ್ವಿರುದ್ಧ: ಶಬ್ದದ ವೇಗ ಏರಿದಂತೆ ಸ್ವರವೂ ಏರುತ್ತದೆ. 20 ಡಿಗ್ರಿಯಿಂದ 40 ಡಿಗ್ರಿಗೆ ಹೋದಾಗ ವೇಗ ಶೇಕಡಾ ಮೂರೂವರೆಯಷ್ಟು ಹೆಚ್ಚುತ್ತದೆ. ಪೇಟಿಯ ಒಂದು ಮನೆಯಿಂದ ಪಕ್ಕದ ಮನೆಗೆ ಇರುವ ಅಂತರ ಸುಮಾರು ಶೇಕಡಾ ಆರು. ಅಂದರೆ ಅರ್ಧ ಮನೆಗಿಂತ ಹೆಚ್ಚು. ಕೊಳಲಿನೊಳಗೆ ಊದುವ ಉಸಿರು ಹೇಗೂ ಬೆಚ್ಚಗಿರುವುದರಿಂದ ವಾಸ್ತವದಲ್ಲಿ ಅಷ್ಟೂ ಏರುವುದಿಲ್ಲ. ಆದರೂ ಚಳಿಗಾಲದ ಬೆಳಿಗ್ಗೆ ಕೂಡಿಸಿದ ಶ್ರುತಿಯನ್ನು ನಂಬಿ ಏಪ್ರಿಲ್ ಮಧ್ಯಾಹ್ನ ವೇದಿಕೆಯೇರಿದರೆ ಗಿಟಾರು ಇಳಿದಿರುತ್ತದೆ, ಕೊಳಲು ಏರಿರುತ್ತದೆ, ಹಾಡುವವನು ನಡುವೆ ಸಿಕ್ಕಿಬೀಳುತ್ತಾನೆ. ಹಾಡಿಗೆ ಮುಂಚೆ ಹತ್ತು ನಿಮಿಷ ‘ಟುಂಯ್ ಟುಂಯ್’ ಎನ್ನಿಸುವುದನ್ನು ಕಂಡು ನಗುವವರು ಇದನ್ನು ತಿಳಿದಿರಬೇಕು.

ನಾಲ್ಕನೆಯದು ಗಟ್ಟಿತನ. ಒಂದೇ ಪ್ರಮಾಣದ ಎರಡು ವಾದ್ಯಗಳು ಕೂಡಿದರೆ ಸದ್ದು 3 ಡೆಸಿಬೆಲ್ ಮಾತ್ರ ಏರುತ್ತದೆ. 10 ಡೆಸಿಬೆಲ್ ಏರಲು ಅಂಥ ಹತ್ತು ವಾದ್ಯಗಳು ಬೇಕು. ಆದರೆ ಡ್ರಮ್ಮಿನ ಮುಂದೆ ತನ್ನದು ಕೇಳಿಸುತ್ತಿಲ್ಲವೆಂದು ಗಿಟಾರಿನವನು ಗುಂಡಿ ತಿರುಗಿಸುತ್ತಾನೆ, ಅವನನ್ನು ಕಂಡು ಕೀಬೋರ್ಡಿನವನು, ಕೊನೆಗೆ ಹಾಡುವವನು ಕಿರುಚುತ್ತಾನೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆಂದು ಒಂದು ಅಳತೆಗೋಲಿದೆ. ಪ್ರತಿ 3 ಡೆಸಿಬೆಲ್‌ಗೆ ಆ ಅವಧಿ ಅರ್ಧವಾಗುತ್ತದೆ. ಈ ಲೆಕ್ಕದಂತೆ 100 ಡೆಸಿಬೆಲ್ ಸದ್ದಿಗೆ ಸಿಗುವುದು 15 ನಿಮಿಷ ಮಾತ್ರ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಸಂಗೀತಗಾರನಿಗೆ ಕಿವಿಯೇ ಬಂಡವಾಳ.

ಬೇರೆಯವರ ಕೈಯಲ್ಲಿ

ಇವೆಲ್ಲ ಅಳೆಯಬಹುದಾದ ತೊಂದರೆಗಳು, ಕಲಿತರೆ ನೀಗುತ್ತವೆ. ಅಳೆಯಲಾಗದ ಐದನೆಯ ತೊಂದರೆಯೊಂದಿದೆ. ತಬಲಾ ಬಾರಿಸುವ ಗೆಳೆಯ ಬಂದು “ಇಲ್ಲಿ ಇಷ್ಟ್ಯಾಕ ಗದ್ದಲ? ನಾಲ್ಕು ಆವರ್ತ ಸುಮ್ನ ಬಿಡೋಣ” ಎನ್ನುತ್ತಾನೆ. ಹುಡುಗನಿಗೆ ಸಿಟ್ಟು. ಆ ನಾಲ್ಕು ಆವರ್ತಕ್ಕಾಗಿ ಅವನು ಮೂರು ರಾತ್ರಿ ನಿದ್ದೆಗೆಟ್ಟಿದ್ದಾನೆ. ಆದರೆ ಬಿಟ್ಟು ನುಡಿಸಿ ಕೇಳಿದಾಗ ಆ ಮೌನದ ಆಚೆ ಬರುವ ಸ್ವರ ಮೊದಲಿಗಿಂತ ಚೆನ್ನಾಗಿರುತ್ತದೆ. ಗೆಳೆಯ ಹೇಳಿದ್ದೆಲ್ಲ ಸರಿ ಎಂದಲ್ಲ. ಕೆಲವೊಮ್ಮೆ ಹಾಡು ಕಟ್ಟಿದವನೇ ಹಟ ಹಿಡಿಯಬೇಕಾಗುತ್ತದೆ. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂಬ ವಿವೇಕ ಒಂಟಿಯಾಗಿ ಕೋಣೆಯಲ್ಲಿ ಕುಳಿತವನಿಗೆ ಹುಟ್ಟುವುದು ಕಷ್ಟ.

ವಿಜ್ಞಾನದಲ್ಲಿಯೂ ಇದೇ ನಿಯಮ. ಒಬ್ಬ ತನ್ನ ಪ್ರಯೋಗಾಲಯದಲ್ಲಿ ಕಂಡದ್ದನ್ನು ಇನ್ನೊಬ್ಬ ತನ್ನ ಕೈಯಿಂದ ಮಾಡಿ ನೋಡಿ, ಅದೇ ಫಲ ಕಂಡಾಗ ಮಾತ್ರ ಅದು ಎಲ್ಲರ ಜ್ಞಾನವಾಗುತ್ತದೆ. ತಲೆಯೊಳಗಿನ ಹಾಡು ಐವರ ಕೈಯಿಂದ ಹೊರಟು ಇನ್ನೂ ಅದೇ ಹಾಡಾಗಿ ಉಳಿದರೆ, ಅದರಲ್ಲಿ ಹುರುಳಿತ್ತು ಎಂದರ್ಥ.

ಪಾಲಕರಿಗೆ ಒಂದು ಮಾತು

ಮಗ ಅಥವಾ ಮಗಳು ರಾತ್ರಿ ಬಾಗಿಲು ಹಾಕಿಕೊಂಡು ಹಾಡು ಕಟ್ಟುತ್ತಿದ್ದರೆ ಗಾಬರಿಯಾಗುವುದು ಸಹಜ. ಹಾಗೆಂದು ಗಿಟಾರನ್ನು ಅಟ್ಟಕ್ಕೆ ಎಸೆದರೆ ಮಗು ಓದುತ್ತದೆ ಎಂಬ ಭರವಸೆಯಿಲ್ಲ. ಮನೆಯವರೊಡನೆ ಮಾತು ನಿಲ್ಲಿಸೀತು. ಅದಕ್ಕಿಂತ ಮೂರು ಕರಾರು ಮಾಡಿಕೊಳ್ಳುವುದು ಮೇಲು. ಪರೀಕ್ಷೆಯ ತಿಂಗಳಲ್ಲಿ ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚಿಲ್ಲ. ಇಯರ್‌ಫೋನಿನ ಸದ್ದು ಪಕ್ಕದಲ್ಲಿ ಕುಳಿತವರಿಗೆ ಕೇಳಿಸಬಾರದು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ತಿಂಗಳಿಗೊಮ್ಮೆ ಮಾಡಿದ್ದನ್ನು ಮನೆಯವರ ಮುಂದೆ ನುಡಿಸಿ ತೋರಿಸಬೇಕು, ಮನೆಯವರು ಮೊಬೈಲು ಬದಿಗಿಟ್ಟು ಪೂರ್ತಿ ಕೇಳಬೇಕು. ಮೊದಲ ಕೇಳುಗರು ಸಿಕ್ಕ ಮಗುವಿಗೆ ಎರಡನೆಯ ವಾದ್ಯಗಾರನನ್ನು ಹುಡುಕುವ ಧೈರ್ಯ ಬರುತ್ತದೆ. ದುಬಾರಿ ವಾದ್ಯ ಕೊಡಿಸಬೇಕಾಗಿಲ್ಲ. ಓಲ್ಡ್‌ಫೀಲ್ಡ್ ಆರಂಭಿಸಿದ್ದು ಎರವಲು ಯಂತ್ರ ಮತ್ತು ರಟ್ಟಿನ ಚೂರಿನಿಂದ.

ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಿ ನೋಡಬಹುದು. ಶಾಲೆಯ ಮೈದಾನದಲ್ಲಿ ಇಬ್ಬರು ಹತ್ತಿರ ನಿಂತು, ಕಣ್ಣು ಮುಚ್ಚಿಕೊಂಡು, ಒಂದೇ ಲಯದಲ್ಲಿ ಚಪ್ಪಾಳೆ ತಟ್ಟಿ. ನಂತರ 30 ಮೀಟರ್ ದೂರ ಸರಿದು ಮತ್ತೆ ಹಾಗೆಯೇ ತಟ್ಟಿ. ಮೂರನೆಯವನು ಎರಡೂ ಸಲ ನಿಮಿಷಕ್ಕೆ ಎಷ್ಟು ಚಪ್ಪಾಳೆ ಎಂದು ಎಣಿಸಲಿ. ಎರಡನೆಯ ಸಲ ಲಯ ಏನಾಯಿತು, ಏಕಾಯಿತು ಎಂಬುದನ್ನು ಮೇಲಿನ ಲೆಕ್ಕದಿಂದ ನೀವೇ ಬಿಡಿಸಬಹುದು.

ಅರಕೇರಾದ ಆ ಹುಡುಗ ಏನು ಮಾಡಬೇಕು? ವಾರ್ಷಿಕೋತ್ಸವಕ್ಕೆ ಇನ್ನೂ ಸಮಯವಿದೆ. ಗಿಟಾರು ಹೆಗಲಿಗೇರಿಸಿ ಮುಂದಿನ ಸೋಮವಾರ ಗುಡಿಯ ಕಟ್ಟೆಗೆ ಹೋಗಲಿ. ಡಗ್ಗಾದವರ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಯಾವಾಗಲೂ ಇರುತ್ತದೆ. ಮೊದಲ ದಿನ ನುಡಿಸುವುದು ಬೇಡ, ತಾಳ ಹಾಕಿದರೆ ಸಾಕು. ಏಳೆಣಿಕೆಯ ಒಂದು ಪದ ಮುಗಿಯುವಷ್ಟರಲ್ಲಿ, ಮೊಬೈಲಿನ ‘ಟಿಕ್ ಟಿಕ್’ ಕಲಿಸದ ಒಂದು ಸಂಗತಿ ಅವನ ಕೈಗೆ ತಿಳಿದಿರುತ್ತದೆ. ಹನ್ನೆರಡು ನಿಮಿಷದ ತನ್ನ ಹಾಡನ್ನು ಯಾರ ಕೈಗೆ ಕೊಡಬಹುದೆಂಬುದೂ ಅಲ್ಲೇ ಗೊತ್ತಾದೀತು.